ಕಾರಿಗೆ ವ್ಯಾಕ್ಸೋ ಸೆರಾಮಿಕ್ಕೋ: ಹುಬ್ಬಳ್ಳಿ ಧೂಳಿನ್ಯಾಗ ಯಾವುದು ಬಾಳಿಕಿ ಬರ್ತದ?

ಮೊದಲ ಒಂದು ಮಾತು. ಕಾರಿನ ಬಣ್ಣಕ್ಕ ಆಳದ ಹೊಳಪು ಮುಖ್ಯವಾಗಿ ಬರೋದು ವ್ಯಾಕ್ಸಿನಿಂದಲೂ ಅಲ್ಲ, ಸೆರಾಮಿಕ್‌ನಿಂದಲೂ ಅಲ್ಲ. ಅದಕ್ಕೂ ಮುಂಚೆ ಮಾಡೋ ಪಾಲಿಶ್‌ನಿಂದ. ಕಾಂಪೌಂಡ್ (ಉಜ್ಜೋ ಪೇಸ್ಟ್) ಹಚ್ಚಿ ಮಷೀನ್ ತಿರುಗಿಸಿದಾಗ ಬಣ್ಣದ ಮ್ಯಾಲಿನ ಕ್ಲಿಯರ್ ಕೋಟ್ ಅನ್ನೋ ಪಾರದರ್ಶಕ ಪದರ ತುಸು ಸವೆದು ಸಣ್ಣ ಗೀರು ಸಮ ಆಗ್ತಾವ. ಆ ಪದರ ಇರೋದೇ ಸುಮಾರು 40-50 ಮೈಕ್ರಾನ್. ಹಬ್ಬಕ್ಕೊಮ್ಮೆ ಹಿಂಗ ರಬ್ಬಿಂಗ್ ಮಾಡಿಸೋರು ದುಡ್ಡು ಕೊಟ್ಟು ಬಣ್ಣ ಕಳಕೊಳ್ತಾರ.

ಕಾರ್ನೌಬಾ ವ್ಯಾಕ್ಸ್ ಬ್ರೆಜಿಲ್‌ನ ಒಂದು ಜಾತಿ ತಾಳೆಗರಿಯದು. ಅಗ್ಗ, ಮನಿ ಮುಂದ ನೆರಳಾಗ ನಾವೇ ಹಚ್ಚಬಹುದು. ಕಪ್ಪು, ಕೆಂಪು ಗಾಡಿ ಮ್ಯಾಲೆ ಎಣ್ಣಿ ಸವರಿದಂಗ ಮಿಂಚ್ತದ. ಆದರ ನಮ್ಮ ಏಪ್ರಿಲ್ ಬಿಸಿಲಿಗೆ ಒಂದೆರಡು ತಿಂಗಳ ಆಟ.

ಸೆರಾಮಿಕ್ ಅಂದರ ಸಿಲಿಕಾದ ಲೇಪ, ಬಣ್ಣಕ್ಕ ಗಟ್ಟಿಯಾಗಿ ಅಂಟ್ತದ. ಸರಿಯಾಗಿ ನೋಡಿಕೊಂಡರ ಎರಡು-ಮೂರು ವರ್ಷ. ಖರ್ಚು ಸಾವಿರಾರು ರೂಪಾಯಿ. ಹಚ್ಚಿಸಿದ ಮೊದಲ ವಾರ ತೊಳೆಯೋ ಹಂಗಿಲ್ಲ. "ಗೀರೇ ಬೀಳಲ್ಲ ಸರ್" ಅಂದರ ನಂಬಬ್ಯಾಡ್ರಿ. ಅಂಕೋಲಾ ರಸ್ತೆಯಾಗ ಲಾರಿ ಹಾರಿಸೋ ಕಲ್ಲು ತಡಿಯೋದು ಪಿಪಿಎಫ್ (ಬಣ್ಣದ ಮ್ಯಾಲೆ ಅಂಟಿಸೋ ಪಾರದರ್ಶಕ ಪ್ಲಾಸ್ಟಿಕ್) ಹಾಳಿ ಮಾತ್ರ. ಬೋರ್‌ವೆಲ್ ಗಡಸು ನೀರು ಬಿಸಿಲಾಗ ಒಣಗಿದರ ಸೆರಾಮಿಕ್ ಮ್ಯಾಲೂ ಬಿಳಿ ಚುಕ್ಕಿ ಬೀಳ್ತಾವ.

ಹಳೇ ಗಾಡಿ, ಬೀದಿಯಾಗ ನಿಲ್ಲೋದು ಅಂದರ ನನ್ನ ಮತ ವ್ಯಾಕ್ಸಿಗೆ. ಹೊಸಾದು, ಬಹಳ ವರ್ಷ ಇಟ್ಟುಕೊಳ್ಳೋದಿದ್ದರ ಸೆರಾಮಿಕ್. ಹೆದ್ದಾರಿ ಓಡಾಟ ಜಾಸ್ತಿ ಇದ್ದರ ಬಾನೆಟ್ಟಿಗಷ್ಟ ಪಿಪಿಎಫ್ ಹಾಕಸ್ರಿ. ಯಾವುದೇ ಇರಲಿ, ನವಲಗುಂದ ಕಡಿಂದ ಬಂದ ಮ್ಯಾಲೆ ಆ ಒಣ ಧೂಳ ಅರಿವಿಲೆ ಒರಸಬ್ಯಾಡ್ರಿ, ಮೊದಲ ನೀರು ಹೊಡೀರಿ.