ಅಂತ್ಯಕ್ರಿಯೆಯ ‘ಪೂರ್ಣ ಪ್ಯಾಕೇಜ್’: ಯಾವುದಕ್ಕೆ ಹಣ ತೆರಬೇಕು, ಯಾವುದಕ್ಕೆ ಬೇಡ

ಸಾವು ಸಂಭವಿಸಿದ ಮನೆಗೆ ವಾಹನ ಕಳುಹಿಸುವುದರಿಂದ ಹಿಡಿದು ಮರಣ ಪ್ರಮಾಣಪತ್ರ ತಂದುಕೊಡುವವರೆಗೆ ಎಲ್ಲವನ್ನೂ ಒಂದೇ ಕರೆಗೆ ಒದಗಿಸುವುದಾಗಿ ಹೇಳುವ ಸಂಸ್ಥೆಗಳು ಇಂದು ಅನೇಕ ಊರುಗಳಲ್ಲಿವೆ. ನಮ್ಮ ಕುಟುಂಬದ ಹಿರಿಯರೊಬ್ಬರು ತೀರಿಕೊಂಡಾಗ ಅಂಥದೊಂದು ಸಂಸ್ಥೆಯ ನೆರವು ಪಡೆದೆವು. ತಿಂಗಳ ಸಂಬಳದಲ್ಲಿ ತಿಂಗಳನ್ನು ನೂಕುವ ಮನೆ ನಮ್ಮದಾದ್ದರಿಂದ ಈ ವಿಮರ್ಶೆಯಲ್ಲಿ ಸೇವೆಯ ನಯವಿನಯಕ್ಕಿಂತ ಬಿಲ್ಲಿನ ಮಾತೇ ಹೆಚ್ಚು. ಸಂಸ್ಥೆಯ ಹೆಸರು ಇಲ್ಲಿ ಅಗತ್ಯವಿಲ್ಲ. ಪ್ಯಾಕೇಜುಗಳನ್ನು ಕಟ್ಟುವ ಕ್ರಮ ಈ ಉದ್ಯಮದಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯದು. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಸಾಗಣೆ, ದೇಹವನ್ನು ತಣ್ಣಗಿಡುವುದು, ಕಾಗದಪತ್ರ, ಈ ಮೂರಕ್ಕೆ ಕೊಟ್ಟ ಹಣ ಸಾರ್ಥಕ, ಉಳಿದುದನ್ನು ಪ್ಯಾಕೇಜಿನಿಂದ ಬಿಡಿಸಿಕೊಳ್ಳುವುದೇ ಲೇಸು.

ಸಾಗಣೆಯ ಕೆಲಸದಲ್ಲಿ ಕುಂದು ಹೇಳುವಂತಿರಲಿಲ್ಲ. ಇಕ್ಕಟ್ಟಾದ ಮೆಟ್ಟಿಲಿನ ತಿರುವಿನಲ್ಲಿ ಸ್ಟ್ರೆಚರ್ ಓರೆಯಾಗದಂತೆ ಇಬ್ಬರು ಮೇಲಿನಿಂದಲೂ ಇಬ್ಬರು ಕೆಳಗಿನಿಂದಲೂ ಹಿಡಿದು, ಕೂಗಾಟವಿಲ್ಲದೆ, ಒಬ್ಬರಿಗೊಬ್ಬರು ಕಣ್ಸನ್ನೆಯಲ್ಲೇ ಸೂಚನೆ ಕೊಡುತ್ತಾ ಇಳಿಸಿದ ರೀತಿ ಅಭ್ಯಾಸವಿಲ್ಲದ ನೆಂಟರಿಷ್ಟರಿಂದ ಸಾಧ್ಯವಾಗುತ್ತಿರಲಿಲ್ಲ. ಆದರೆ ವಾಹನದ ಬಾಡಿಗೆಯ ಲೆಕ್ಕವನ್ನು ಮಾತ್ರ ಮೊದಲೇ ಕೇಳಿಟ್ಟುಕೊಳ್ಳಬೇಕು. ಕಿಲೋಮೀಟರ್ ಎಣಿಕೆ ನಮ್ಮ ಮನೆಯ ಬಾಗಿಲಿನಿಂದ ಆರಂಭವಾಗುತ್ತದೆಯೋ, ಅವರ ಶೆಡ್ಡಿನಿಂದ ಹೊರಟು ಅಲ್ಲಿಗೇ ಮರಳುವವರೆಗಿನದೋ, ರಾತ್ರಿಯ ದರ ಯಾವ ಗಂಟೆಯಿಂದ, ಕಾಯುವ ಹೊತ್ತಿಗೆ ಬೇರೆ ಶುಲ್ಕವುಂಟೋ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೆಯೇ ಎರಡು ಸಂಸ್ಥೆಗಳ ದರವನ್ನು ಹೋಲಿಸುವುದರಲ್ಲಿ ಅರ್ಥವಿದೆ.

ಫ್ರೀಜರ್ ಬಾಕ್ಸಿನ ಬಾಡಿಗೆಯ ವಿಷಯವೂ ಹೀಗೆಯೇ. ದಿನವೆಂದರೆ 24 ಗಂಟೆಯೋ ಕ್ಯಾಲೆಂಡರಿನ ದಿನವೋ ಎಂಬುದು ಸ್ಪಷ್ಟವಾಗದಿದ್ದರೆ, ಸಂಜೆ ತಂದ ಪೆಟ್ಟಿಗೆಯನ್ನು ಮರುದಿನ ಬೆಳಿಗ್ಗೆ ಹಿಂದಿರುಗಿಸಿದರೂ ಎರಡು ದಿನದ ಬಾಡಿಗೆ ಬೀಳುತ್ತದೆ. ಇದರ ಜೊತೆಗೆ ಎಂಬಾಮಿಂಗ್, ಅಂದರೆ ದೇಹ ಬೇಗ ಕೆಡದಂತೆ ಅದರೊಳಗೆ ರಾಸಾಯನಿಕ ತುಂಬುವ ಕೆಲಸ, ಮಾಡಿಸುವ ಸಲಹೆಯೂ ಬಂದಿತು. ಅಂತ್ಯಕ್ರಿಯೆ ಬೇಗನೆ ನಡೆಯುವುದಿದ್ದರೆ ದೇಹವನ್ನು 2ರಿಂದ 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಟ್ಟರೆ ಸಾಮಾನ್ಯವಾಗಿ ಸಾಕು. ದೇಹವನ್ನು ವಿಮಾನದಲ್ಲಿ ದೂರ ಸಾಗಿಸುವುದು ಅಥವಾ ದೇಶದ ಗಡಿ ದಾಟಿಸುವುದು ಇದ್ದಾಗ ಎಂಬಾಮಿಂಗ್ ಕಡ್ಡಾಯವಾಗುವುದುಂಟು. ನಮ್ಮದು ಅಂಥ ಸಂದರ್ಭವಲ್ಲ ಎಂದಾಗ ಸಂಸ್ಥೆಯವರು ಮರುಮಾತಿಲ್ಲದೆ ಅದನ್ನು ಪಟ್ಟಿಯಿಂದ ತೆಗೆದರು. ಅಷ್ಟು ಸುಲಭವಾಗಿ ತೆಗೆಯಬಹುದಾದದ್ದನ್ನು ಸೇರಿಸಿದ್ದಾದರೂ ಏಕೆ ಎಂಬ ಪ್ರಶ್ನೆ ಉಳಿದೇ ಉಳಿಯಿತು.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ಕಾಗದಪತ್ರದ ಕೆಲಸ. ಮೇಜಿನ ಆಚೆಗಿದ್ದ ನೌಕರರು ಗುರುತಿನ ಚೀಟಿಯನ್ನೂ ನಾವು ತುಂಬಿದ ಅರ್ಜಿಯನ್ನೂ ಅಕ್ಕಪಕ್ಕ ಇರಿಸಿ, ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದಿ, ಹೆಸರಿನ ಇನಿಷಿಯಲ್ ಒಂದರಲ್ಲಿ ಮುಂದೆಯೂ ಇನ್ನೊಂದರಲ್ಲಿ ಹಿಂದೆಯೂ ಇರುವುದನ್ನು ತೋರಿಸಿಕೊಟ್ಟರು. ಪ್ರಮಾಣಪತ್ರದಲ್ಲಿ ಹೆಸರು ಹೀಗೆ ವ್ಯತ್ಯಾಸವಾದರೆ ಬ್ಯಾಂಕು, ವಿಮೆ, ಪಿಂಚಣಿ, ಆಸ್ತಿ ವರ್ಗಾವಣೆ ಎಲ್ಲವೂ ಅಲ್ಲೇ ನಿಲ್ಲುತ್ತವೆ, ತಿದ್ದುಪಡಿಗಾಗಿ ಅಲೆಯುವ ಖರ್ಚೂ ಮೈಮೇಲೆ ಬರುತ್ತದೆ. ದೃಢೀಕೃತ ಪ್ರತಿಗಳನ್ನು ಒಂದೇ ಸಲಕ್ಕೆ ಹೆಚ್ಚಾಗಿ ತೆಗೆಸಿಟ್ಟುಕೊಳ್ಳುವಂತೆ ಅವರೇ ತಿಳಿಸಿದರು. ವೈದ್ಯರು ಕೊಡುವ ಮರಣ ಕಾರಣದ ಪತ್ರ, ನೋಂದಣಿ ಕಚೇರಿ ಕೊಡುವ ಮರಣ ಪ್ರಮಾಣಪತ್ರ, ಈ ಎರಡೂ ಬೇರೆ ಬೇರೆ ಎಂಬುದು ದುಃಖದ ಗಳಿಗೆಯಲ್ಲಿ ಯಾರ ತಲೆಗೂ ಹೊಳೆಯುವುದಿಲ್ಲ. ಅದನ್ನು ತಾಳ್ಮೆಯಿಂದ ವಿವರಿಸುವವರಿಗೆ ಕೊಡುವ ಶುಲ್ಕದ ಬಗ್ಗೆ ನನಗೆ ತಕರಾರಿಲ್ಲ.

ತಕರಾರು ಇರುವುದು ಪ್ಯಾಕೇಜಿನ ಬಗ್ಗೆ. ನಮ್ಮ ಮುಂದೆ ಇರಿಸಿದ ಆಲ್ಬಮ್ಮಿನಲ್ಲಿ ಮೂರು ಯೋಜನೆಗಳ ಚಿತ್ರಗಳಿದ್ದವು. ಎಲ್ಲಕ್ಕಿಂತ ಕಡಿಮೆಯ, ಅಲಂಕಾರವಿಲ್ಲದ ವ್ಯವಸ್ಥೆಯ ಚಿತ್ರ ಅದರಲ್ಲಿರಲಿಲ್ಲ. ಬಿಡಿ ದರಪಟ್ಟಿ ಇದೆಯೇ ಎಂದು ವಿಚಾರಿಸಿದ ಮೇಲೆಯೇ ಡ್ರಾಯರಿನಿಂದ ಒಂದು ಹಾಳೆ ಹೊರಬಂದಿತು, ಆ ಹಾಳೆಯಲ್ಲಿ ನಮಗೆ ಬೇಕಾದದ್ದೆಲ್ಲವೂ ಇತ್ತು. ಅಮೆರಿಕದಲ್ಲಿ 1984ರಲ್ಲಿ ಜಾರಿಗೆ ಬಂದ ಅಂತ್ಯಕ್ರಿಯೆ ನಿಯಮದ ಪ್ರಕಾರ, ಖುದ್ದಾಗಿ ಬಂದು ವಿಚಾರಿಸುವವರ ಕೈಗೆ ಇಂಥ ಬಿಡಿ ದರಪಟ್ಟಿಯನ್ನು ಕೊಡಲೇಬೇಕು, ಫೋನಿನಲ್ಲಿ ಕೇಳಿದರೂ ದರ ತಿಳಿಸಬೇಕು, ಶವಪೆಟ್ಟಿಗೆಯನ್ನು ಹೊರಗಿನಿಂದ ತಂದರೆ ಅದಕ್ಕಾಗಿ ಹೆಚ್ಚುವರಿ ಶುಲ್ಕ ಹಾಕುವಂತಿಲ್ಲ. ಬ್ರಿಟನ್ನಿನಲ್ಲಿಯೂ 2021ರಿಂದ ನಿಗದಿತ ನಮೂನೆಯ ದರಪಟ್ಟಿಯನ್ನು ಪ್ರದರ್ಶಿಸುವುದು ಕಡ್ಡಾಯವಾಗಿದೆ. ಇಂಥ ಕಾನೂನು ಇಲ್ಲದ ಕಡೆ ಕೇಳಿ ಪಡೆಯುವುದು ನಮ್ಮ ಹೊಣೆ, ಕೇಳಲು ಸಂಕೋಚಪಡಬೇಕಾಗಿಲ್ಲ.

ಪ್ಯಾಕೇಜಿನ ಬೆಲೆಯಲ್ಲಿ ದೊಡ್ಡ ಪಾಲು ಶವಪೆಟ್ಟಿಗೆ, ಹೂವಿನ ಅಲಂಕಾರ, ದೊಡ್ಡದಾಗಿ ಮಾಡಿಸಿದ ಭಾವಚಿತ್ರ, ವಿಡಿಯೊ ಚಿತ್ರೀಕರಣ ಇಂಥವುಗಳದು. ಚಿತಾಗಾರದ ಕುಲುಮೆಯ ಉಷ್ಣತೆ ಸುಮಾರು 760ರಿಂದ 980 ಡಿಗ್ರಿ ಸೆಲ್ಸಿಯಸ್ಸಿನಷ್ಟಿರುತ್ತದೆ. ಅಂಥ ಬೆಂಕಿಗೆ ಪಾಲಿಶ್ ಮಾಡಿದ ಮರವೂ ಒಂದೇ, ಸಾದಾ ಹಲಗೆಯೂ ಒಂದೇ. ದಹನಕ್ಕೆ ದುಬಾರಿ ಪೆಟ್ಟಿಗೆ ಕೊಳ್ಳಲೇಬೇಕೆಂದು ಹೇಳುವುದನ್ನು ಮೇಲೆ ಹೇಳಿದ ಅಮೆರಿಕದ ನಿಯಮ ನಿಷೇಧಿಸುತ್ತದೆ, ಗಾಳಿಯಾಡದ ಪೆಟ್ಟಿಗೆಯಲ್ಲಿ ಹೂತ ದೇಹ ಬಹುಕಾಲ ಕೆಡದೆ ಉಳಿಯುತ್ತದೆ ಎಂಬ ಪ್ರಚಾರಕ್ಕೂ ಅದು ಅವಕಾಶ ಕೊಡುವುದಿಲ್ಲ. ಸಂಸ್ಥೆಯು ನಮ್ಮ ಪರವಾಗಿ ಬೇರೆಯವರಿಗೆ ಕಟ್ಟುವ ಶುಲ್ಕಗಳನ್ನೂ, ಅಂದರೆ ಚಿತಾಗಾರದ ಅಥವಾ ಸ್ಮಶಾನದ ಶುಲ್ಕ, ವಿಧಿ ನಡೆಸುವವರ ದಕ್ಷಿಣೆ, ಪ್ರಮಾಣಪತ್ರದ ಶುಲ್ಕ ಇವುಗಳನ್ನೂ, ಮೂಲ ರಸೀದಿಯೊಡನೆ ತೋರಿಸುವಂತೆ ಕೇಳಬೇಕು. ನಮ್ಮ ಬಿಲ್ಲಿನಲ್ಲಿ ‘ಇತರೆ’ ಎಂಬ ಒಂದು ಸಾಲಿತ್ತು. ರಸೀದಿ ಕೇಳಿದೊಡನೆ ಅದು ಅರ್ಧಕ್ಕಿಂತ ಕಡಿಮೆಯಾಯಿತು.

ಈಗ ಸಂಪ್ರದಾಯದ ಮಾತು. ಪ್ಯಾಕೇಜ್ ಮಾರುವವರು ಸಂಪ್ರದಾಯದ ವಿಷಯದಲ್ಲಿ ಅಧಿಕಾರಯುತವಾಗಿ ಮಾತನಾಡತೊಡಗುವುದು ಈ ಸೇವೆಯ ಅತ್ಯಂತ ಆಕ್ಷೇಪಾರ್ಹ ಭಾಗ. “ಎಲ್ಲರೂ ಇದನ್ನು ಮಾಡಿಸುತ್ತಾರೆ, ನೀವು ಬಿಟ್ಟರೆ ಹಿರಿಯರಿಗೆ ಗೌರವ ಕಡಿಮೆಯಾದಂತೆ” ಎಂದಾಗ ಬೇಡ ಎನ್ನಲು ಬಾಯಿ ಬರುವುದಿಲ್ಲ, ಪಕ್ಕದಲ್ಲಿ ನೆಂಟರು ನಿಂತಿದ್ದರಂತೂ ಕೇಳುವುದೇ ಬೇಡ. ಆದ್ದರಿಂದ ವಿಧಿ ನಡೆಸುವವರೊಡನೆ ಮನೆಯವರೇ ನೇರವಾಗಿ ಮಾತನಾಡಿ, ತಪ್ಪದೆ ಮಾಡಬೇಕಾದದ್ದು ಯಾವುದು, ಶಕ್ತ್ಯಾನುಸಾರ ಮಾಡಬಹುದಾದದ್ದು ಯಾವುದು ಎಂದು ತಿಳಿದುಕೊಳ್ಳುವುದು ಒಳ್ಳೆಯದು. ಇಸ್ಲಾಮಿನಲ್ಲಿ ಸಾದಾ ಬಟ್ಟೆಯ ಕಫನ್ ಸಾಕು. ಯೆಹೂದ್ಯ ಸಂಪ್ರದಾಯದಲ್ಲಿ ಬಡವನಿಗೂ ಬಲ್ಲಿದನಿಗೂ ಒಂದೇ ಬಗೆಯ ಸರಳ ಶವವಸ್ತ್ರ. ಖರ್ಚು ಏರಿಸುವುದು ಹೆಚ್ಚಿನ ಸಂದರ್ಭಗಳಲ್ಲಿ ವಿಧಿಯಲ್ಲ, ನಾಲ್ಕು ಜನ ಏನೆಂದುಕೊಳ್ಳುತ್ತಾರೋ ಎಂಬ ಅಳುಕು.

ಇದಕ್ಕೆ ನಾವು ಕಂಡುಕೊಂಡ ಉಪಾಯ ಎರಡು. ದುಃಖ ಹೆಚ್ಚು ತಟ್ಟಿದವರನ್ನು ಲೆಕ್ಕದಿಂದ ದೂರವಿಟ್ಟು, ದೂರದ ಸಂಬಂಧಿಯೊಬ್ಬರ ಕೈಗೆ ಹಣವನ್ನೂ ಗರಿಷ್ಠ ಮೊತ್ತ ಬರೆದ ಚೀಟಿಯನ್ನೂ ಕೊಟ್ಟೆವು. ಅವರು ಸಂಸ್ಥೆಯ ಪ್ರತಿಯೊಂದು ಸಲಹೆಗೂ “ಮನೆಯಲ್ಲಿ ಕೇಳಿ ಹೇಳುತ್ತೇನೆ” ಎಂದೇ ಉತ್ತರಿಸಿದರು. ಎರಡನೆಯದಾಗಿ, ಅಂತ್ಯಕ್ರಿಯೆಯನ್ನೂ ಜನ ಸೇರುವ ಕಾರ್ಯಕ್ರಮವನ್ನೂ ಬೇರೆ ಬೇರೆ ಮಾಡಿದೆವು. ದೇಹದ ವಿಷಯದಲ್ಲಿ ತಡಮಾಡುವಂತಿಲ್ಲವಾದ್ದರಿಂದ ಆ ಅವಸರದಲ್ಲಿ ಚೌಕಾಶಿ ಸಾಧ್ಯವಿಲ್ಲ. ಸ್ಮರಣೆಯ ಕಾರ್ಯಕ್ರಮಕ್ಕೆ ಅಂಥ ಅವಸರವಿಲ್ಲ, ಸಂಪ್ರದಾಯ ಒಪ್ಪುವುದಾದರೆ ಸ್ವಲ್ಪ ಮುಂದೆ ಹಾಕಿ ಮನೆಯಲ್ಲೇ ನಡೆಸಬಹುದು. ಹಾರ ತರುತ್ತೇವೆ ಎಂದವರಿಗೆ ಬಿಲ್ಲಿನ ಒಂದೊಂದು ಬಾಬತ್ತನ್ನು ವಹಿಸಿಕೊಳ್ಳುವಂತೆ ಕೇಳಿದಾಗ ಯಾರೂ ಬೇಸರಿಸಲಿಲ್ಲ.

ಹಣ ಹೊಂದಿಸುವ ಬಗೆಯನ್ನೂ ಸಂಸ್ಥೆಯವರು ಸೂಚಿಸಿದರು: ಬಡ್ಡಿಸಹಿತ ಕಂತು. ಅದನ್ನು ನಿರಾಕರಿಸಿದೆವು. ಸಾವಿನ ವಿಷಯ ತಿಳಿದೊಡನೆ ಬ್ಯಾಂಕುಗಳು ಸಾಮಾನ್ಯವಾಗಿ ಮೃತರ ಖಾತೆಯನ್ನು ತಡೆಹಿಡಿಯುತ್ತವೆ, ಅವರ ಎಟಿಎಂ ಕಾರ್ಡಿನಿಂದ ಹಣ ತೆಗೆಯುವುದು ಮುಂದೆ ವಾರಸುದಾರರ ನಡುವೆ ವ್ಯಾಜ್ಯಕ್ಕೆ ದಾರಿಯಾಗಬಹುದು. ಆದರೆ ಮೃತರು ಬಿಟ್ಟುಹೋದ ಹಣದಿಂದ ಅಂತ್ಯಕ್ರಿಯೆಯ ಸಮಂಜಸ ವೆಚ್ಚವನ್ನು ಇತರ ಸಾಲಗಳಿಗಿಂತ ಮೊದಲು ತೀರಿಸಲು ಅನೇಕ ದೇಶಗಳ ಉತ್ತರಾಧಿಕಾರ ಕಾನೂನು ಅವಕಾಶ ಕೊಡುತ್ತದೆ. ಆದ್ದರಿಂದ ರಸೀದಿಗಳು ಕೈಯಿಂದ ಹಣ ಹಾಕಿದವರ ಹೆಸರಿನಲ್ಲಿಯೇ ಇರಲಿ. ಬದುಕಿರುವಾಗಲೇ ಹಣ ಕಟ್ಟುವ ಮುಂಗಡ ಯೋಜನೆಯ ಕರಪತ್ರವೂ ನಮ್ಮ ಕೈ ಸೇರಿತು. ಕಟ್ಟಿದ ಹಣ ಎಲ್ಲಿರುತ್ತದೆ, ಸಂಸ್ಥೆ ಮುಚ್ಚಿದರೆ ಏನಾಗುತ್ತದೆ, ಊರು ಬದಲಾದರೆ ಮರಳುತ್ತದೆಯೇ ಎಂಬುದಕ್ಕೆ ಕರಪತ್ರದಲ್ಲಿ ಉತ್ತರವಿರಲಿಲ್ಲ. ಬ್ರಿಟನ್ನು ಇಂಥ ಯೋಜನೆಗಳನ್ನು 2022ರ ಜುಲೈನಲ್ಲಿ ಹಣಕಾಸು ನಿಯಂತ್ರಕರ ವ್ಯಾಪ್ತಿಗೆ ತಂದಿತು. ದೇಹದಾನದ ಮಾರ್ಗದಲ್ಲಿ ವೆಚ್ಚ ಬಹಳ ಕಡಿಮೆ; ಆದರೆ ಶವಪರೀಕ್ಷೆ ನಡೆದಿದ್ದರೆ ಅಥವಾ ಸೋಂಕು ರೋಗವಿದ್ದರೆ ವೈದ್ಯಕೀಯ ಕಾಲೇಜುಗಳು ದೇಹವನ್ನು ನಿರಾಕರಿಸಬಹುದಾದ್ದರಿಂದ ಬೇರೊಂದು ವ್ಯವಸ್ಥೆಯೂ ಸಿದ್ಧವಿರಬೇಕು.

ಓಡಾಡಲು ಕೈಜನರಿಲ್ಲದ ಸಣ್ಣ ಕುಟುಂಬಗಳಿಗೆ, ಆಸ್ಪತ್ರೆಯಿಂದ ದೂರದ ಊರಿಗೆ ದೇಹವನ್ನು ಒಯ್ಯಬೇಕಾದವರಿಗೆ ಈ ಸೇವೆಯನ್ನು ನಾನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ, ಬಿಡಿ ದರದಲ್ಲಿ ಮಾತ್ರ. ನೆರೆಹೊರೆಯವರ ಬಲವಿರುವ ಮನೆಗೆ ವಾಹನವೂ ಫ್ರೀಜರ್ ಬಾಕ್ಸೂ ಸಾಕು. ಒಂದು ಸೂಚನೆ: ಫ್ರೀಜರ್ ಬಾಕ್ಸಿಗೆ ಕಟ್ಟಿದ ಠೇವಣಿ ತಾನಾಗಿ ಮರಳಿ ಬರುವುದಿಲ್ಲ; ಪೆಟ್ಟಿಗೆ ಒಯ್ಯಲು ಬಂದ ನೌಕರರ ಮುಂದೆಯೇ ಅದರ ಗಾಜು, ತಂತಿ, ಪ್ಲಗ್ಗು ಸರಿಯಿರುವುದನ್ನು ತೋರಿಸಿ, ಚೀಟಿಯ ಮೇಲೆ ಸಹಿ ಪಡೆದುಕೊಳ್ಳಬೇಕು.