ಸಿಒಪಿಡಿ ಇರುವ ಹಿರಿಯರಿಗೆ ಯಾವ ಪ್ರೋಟೀನ್ ಪೇಯ? ಅಪ್ಪನಿಗೆ ಮೂರನ್ನೂ ಕೊಟ್ಟು ನೋಡಿದ ಮೇಲೆ

ಎಪ್ಪತ್ತು ದಾಟಿದ ಅಪ್ಪನಿಗೆ ಸಿಒಪಿಡಿ, ಅಂದರೆ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ. ತೊಡೆ, ತೋಳು ಸೊರಗುತ್ತಾ ಬಂದು, ಕೈ ಊರದೆ ಕುರ್ಚಿಯಿಂದ ಏಳಲು ಆಗುತ್ತಿರಲಿಲ್ಲ. ಈ ಕಾಯಿಲೆಯಲ್ಲಿ ಉಸಿರಾಡುವುದಕ್ಕೇ ಜಾಸ್ತಿ ಶಕ್ತಿ ಬೇಕು. ಊಟಕ್ಕೆ ಕೂತರೂ ಏದುಸಿರು, ಹಾಗಾಗಿ ಹೊಟ್ಟೆಗೆ ಹೋಗುವುದೇ ಕಡಿಮೆ. ಆಗಾಗ ನುಂಗುವ ಸ್ಟೀರಾಯ್ಡ್ ಮಾತ್ರೆಯೂ ಸ್ನಾಯು ಕರಗಿಸುತ್ತದೆ. ಡಯಟಿಶಿಯನ್ ಕೊಟ್ಟ ಗುರಿ: ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್. ಅಂದರೆ 50 ಕಿಲೋ ಇರುವವರಿಗೆ 60ರಿಂದ 75 ಗ್ರಾಂ. ಕಿಡ್ನಿ ತೊಂದರೆ ಇರುವವರಿಗೆ ಈ ಲೆಕ್ಕ ಹೊಂದುವುದಿಲ್ಲ, ಡಾಕ್ಟರನ್ನು ಕೇಳಲೇಬೇಕು.

ಮೊದಲು ತಂದಿದ್ದು ಹಾಲಿನಿಂದ ತೆಗೆದ ವೇ ಪ್ರೋಟೀನ್ ಪುಡಿ. ಬೇಗ ಜೀರ್ಣವಾಗುತ್ತದೆ. ಸ್ನಾಯು ಕಟ್ಟುವ ಕೆಲಸಕ್ಕೆ ಚಾಲನೆ ಕೊಡುವ ಲ್ಯೂಸಿನ್ ಇದರಲ್ಲಿ ಚೆನ್ನಾಗಿದೆ. ವಯಸ್ಸಾದವರಿಗೆ ಒಂದು ಹೊತ್ತಿಗೆ ಬೇಕಾದ 2.5ರಿಂದ 3 ಗ್ರಾಂ ಲ್ಯೂಸಿನ್, 25ರಿಂದ 30 ಗ್ರಾಂ ವೇ ಪ್ರೋಟೀನಿನಲ್ಲಿ ಸಿಕ್ಕಿಬಿಡುತ್ತದೆ. ತೊಂದರೆ ಕೊಟ್ಟಿದ್ದು ನೊರೆ. ಜೋರಾಗಿ ಕಲಕಿ ಹಾಗೇ ಕೊಟ್ಟರೆ ಅಪ್ಪ ನೊರೆಯ ಜೊತೆ ಗಾಳಿಯನ್ನೂ ನುಂಗುತ್ತಿದ್ದರು. ಹೊಟ್ಟೆ ಉಬ್ಬಿ ವಪೆಯನ್ನು (ಎದೆ-ಹೊಟ್ಟೆಯ ನಡುವೆ ಇರುವ, ಉಸಿರಾಟದ ಸ್ನಾಯು) ಒತ್ತುತ್ತಿತ್ತು. ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟು, ತುಟಿ ಚೂಪು ಮಾಡಿ ಉಸಿರು ಬಿಡುತ್ತಾ ಕೂರುತ್ತಿದ್ದರು. ನಿಧಾನವಾಗಿ ಕಲಸಿ, ನೊರೆ ಇಳಿಯಲು ಬಿಟ್ಟ ಮೇಲೆ ಸಲೀಸಾಯಿತು. ಆದರೆ ಬರೀ ಪುಡಿಯಲ್ಲಿ ಕ್ಯಾಲೊರಿ ಕಡಿಮೆ. ತೂಕ ಇಳಿಯುತ್ತಿರುವವರಿಗೆ ಅದೊಂದೇ ಸಾಲದು.

ಆಮೇಲೆ ‘ಶ್ವಾಸಕೋಶದವರಿಗಾಗಿ’ ಎಂದು ಮಾರುವ, ಕೊಬ್ಬು ಜಾಸ್ತಿ ಇರುವ ಪೇಯ. ಪಿಷ್ಟಕ್ಕಿಂತ ಕೊಬ್ಬು ಉರಿದಾಗ ಇಂಗಾಲದ ಡೈಆಕ್ಸೈಡ್ ಕಡಿಮೆ ಬರುತ್ತದೆ ಅನ್ನುವುದು ಇದರ ಹಿಂದಿನ ಲೆಕ್ಕ. ಲೆಕ್ಕ ನಿಜ, ಆದರೆ ಕಾಯಿಲೆ ಹತೋಟಿಯಲ್ಲಿ ಇರುವವರಿಗೆ ಇದರಿಂದ ಹೆಚ್ಚಿನ ಲಾಭ ಕಂಡಿಲ್ಲ. ಕೊಬ್ಬು ಹೊಟ್ಟೆಯಲ್ಲಿ ತುಂಬಾ ಹೊತ್ತು ಉಳಿಯುತ್ತದೆ ಅಲ್ವಾ, ಅಪ್ಪ ರಾತ್ರಿ ಊಟವನ್ನೇ ಬಿಡುತ್ತಿದ್ದರು. ಊಟ ತಪ್ಪಿಸುವ ಪೇಯ ನಮಗೆ ಬೇಡವೇ ಬೇಡ. ನಿಲ್ಲಿಸಿದೆವು.

ನಮಗೆ ಒಗ್ಗಿದ್ದು ಚಿಕ್ಕ ಬಾಟಲಿಯಲ್ಲಿ ಬರುವ ಗಟ್ಟಿ ಪೇಯ. 125 ಮಿಲಿಯಲ್ಲೇ ಸುಮಾರು 300 ಕ್ಯಾಲೊರಿ, 18 ಗ್ರಾಂನಷ್ಟು ಪ್ರೋಟೀನ್. ಅರ್ಧ ಈಗ, ಅರ್ಧ ಆಮೇಲೆ. ತಣ್ಣಗಿದ್ದರೆ ಚೆನ್ನಾಗಿ ಇಳಿಯುತ್ತದೆ. ಇನ್ಹೇಲರ್ ಎಳೆದ ಮೇಲೆ ಬಾಯಿ ಮುಕ್ಕಳಿಸಿಯೇ ಕೊಡಿ, ಇಲ್ಲದಿದ್ದರೆ ರುಚಿ ಕೆಡುತ್ತದೆ. ಸಿಹಿ ಜಾಸ್ತಿ, ಸಕ್ಕರೆ ಕಾಯಿಲೆ ಇದ್ದರೆ ಲೇಬಲ್ ಓದಿಯೇ ತನ್ನಿ. ಕೆಲವದರಲ್ಲಿ ಎಚ್‌ಎಂಬಿ (ಲ್ಯೂಸಿನ್‌ನಿಂದ ದೇಹದಲ್ಲೂ ತಯಾರಾಗುವ ಒಂದು ಪದಾರ್ಥ) ಕೂಡ ಇರುತ್ತದೆ. ಪೋಷಣೆ ಕುಂದಿ ಆಸ್ಪತ್ರೆ ಸೇರಿದ 652 ಹಿರಿಯರ ಮೇಲೆ ಅಂಥ ಪೇಯದ ಪ್ರಯೋಗವೊಂದು 2016ರಲ್ಲಿ ಪ್ರಕಟವಾಯಿತು. ಅವರಲ್ಲಿ ಸಿಒಪಿಡಿ ಇದ್ದವರೂ ಇದ್ದರು. ಸಾವು ಮತ್ತು ಮರುದಾಖಲಾತಿ ಎರಡನ್ನೂ ಸೇರಿಸಿದ ಮುಖ್ಯ ಗುರಿಯಲ್ಲಿ ವ್ಯತ್ಯಾಸ ಬರಲಿಲ್ಲ. ಆದರೆ 90 ದಿನಗಳಲ್ಲಿ ಸತ್ತವರು ಆ ಪೇಯ ಕುಡಿದ ಗುಂಪಿನಲ್ಲಿ ಶೇ 4.8, ಅದರ ಬದಲು ಹೋಲಿಕೆಯ ಪೇಯ ಕುಡಿದ ಗುಂಪಿನಲ್ಲಿ ಶೇ 9.7. ಬರೀ ಎಚ್‌ಎಂಬಿಗಾಗಿ ದುಬಾರಿಯದನ್ನು ಹುಡುಕಿ ಹೋಗಬೇಕು ಅಂತ ನನಗನಿಸುವುದಿಲ್ಲ.

ಸ್ನಾಯುಬಲಕ್ಕೆಂದು ಮಾರುವ ಕ್ರಿಯಾಟಿನ್ ನಾವು ಕೊಡಲಿಲ್ಲ. ವಿಟಮಿನ್ ಡಿ ರಕ್ತಪರೀಕ್ಷೆಯಲ್ಲಿ ಕಡಿಮೆ ಬಂದರೆ ಮಾತ್ರ.

ಯಾವ ಪೇಯವಾದರೂ ಸ್ನಾಯುವಿಗೆ ಕೆಲಸ ಬೇಕೇ ಬೇಕು. ಫಿಸಿಯೋಥೆರಪಿಸ್ಟ್ ಕಲಿಸಿದಂತೆ ಅಪ್ಪ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ ಮಾಡುತ್ತಾರೆ, ಸುಧಾರಿಸಿಕೊಂಡ ಮೇಲೆ ಬಾಟಲಿ. ತೂಕವೊಂದನ್ನೇ ನಂಬಬೇಡಿ, ಪಾದ ಊದಿದ್ದರೆ ಏರಿದ್ದು ನೀರಿನ ತೂಕವೂ ಆಗಿರಬಹುದು. ಕೈ ಊರದೆ ಐದು ಸಲ ಎದ್ದು ಕೂರಲು 12 ಸೆಕೆಂಡ್ ಅಥವಾ ಜಾಸ್ತಿ ಹಿಡಿದರೆ ದೈಹಿಕ ಕಾರ್ಯಕ್ಷಮತೆ ಕುಂದಿದೆ ಎನ್ನುತ್ತದೆ ಏಷ್ಯಾದವರಿಗಾಗಿ 2019ರಲ್ಲಿ ಮಾಡಿದ ಮಾನದಂಡ. ನಾವು ನೋಡುವುದು ಅದನ್ನೇ.