ಒಂದೇ ಪ್ರೋಗ್ರಾಂ, ಮೂರು ಭಾಷೆ: ಸಿ, ಗೋ, ರಸ್ಟ್

ಜವಾಬ್ದಾರಿಯಿಂದ ಬರೆಯೋಕೆ ಬಂದರೆ ಪ್ರೋಗ್ರಾಮಿಂಗ್‌ಗೆ ಸಿ ಭಾಷೆಯೊಂದೇ ಸಾಕು, ಉಳಿದದ್ದೆಲ್ಲ ಮಕ್ಕಳ ಸೈಕಲ್ಲಿಗೆ ಹಾಕುವ ಪುಟ್ಟ ಚಕ್ರ ಅಂತ ನಾನೂ ಬಹಳ ದಿನ ಹೇಳಿಕೊಂಡು ಓಡಾಡಿದ್ದೇನೆ. ಹೋದ ವರ್ಷ ಒಂದೇ ಪ್ರೋಗ್ರಾಂ ಅನ್ನು ಸಿ, ಗೋ, ರಸ್ಟ್ ಮೂರರಲ್ಲೂ ಬರೆದೆ. ಆಮೇಲೆ ಆ ಮಾತು ಬಾಯಿಗೆ ಬರುತ್ತಿಲ್ಲ.

ಕೆಲಸ ಸಣ್ಣದು. ಕರೆಂಟ್ ಮೀಟರುಗಳು ಕಳಿಸುವ ಮೆಸೇಜು ಓದಬೇಕು. ಮೊದಲು 4 ಬೈಟಿನ ಹೆಡರ್, ಅಂದರೆ ಮೆಸೇಜಿನ ತಲೆಬರಹ, ಅದರಲ್ಲಿ ಮೊದಲ ಬೈಟು ಒಟ್ಟು ಉದ್ದ. ಆಮೇಲೆ ರೀಡಿಂಗು.

ಸಿ ಅರ್ಧ ದಿನದಲ್ಲಿ ಮುಗಿಯಿತು. ಎರಡು ವಾರ ಚೆನ್ನಾಗೇ ಓಡಿತು. ಆಮೇಲೆ ಕೆಟ್ಟುಹೋದ ಮೀಟರೊಂದು ಉದ್ದ 2 ಅಂತ ಕಳಿಸಿತು. ನಾನು ಅದರಿಂದ ಹೆಡರಿನ 4 ಕಳೆದು ಸೀದಾ ಮೆಮ್‌ಕಾಪಿಗೆ (ಹೇಳಿದಷ್ಟು ಬೈಟು ಕಾಪಿ ಮಾಡುವ ಸಿ ಫಂಕ್ಷನ್) ಕೊಟ್ಟಿದ್ದೆ, ಮೆಮ್‌ಕಾಪಿಗೆ ಮೈನಸ್ ಅನ್ನೋದೇ ಗೊತ್ತಿಲ್ಲ, ಹಾಗಾಗಿ ಮೈನಸ್ 2 ಹೋಗಿ 18446744073709551614 ಬೈಟು ಆಯಿತು. ಪ್ರೋಗ್ರಾಂ ಢಮಾರ್. ಇದು ನನ್ನ ಪುಣ್ಯ, ಗೊತ್ತಾಗುವ ಹಾಗೆ ಸತ್ತಿತಲ್ಲ! ಇನ್ನೊಂದು ಮೀಟರು ಉದ್ದ 200 ಅಂತ ಹೇಳಿ 40 ಬೈಟು ಮಾತ್ರ ಕಳಿಸುತ್ತಿತ್ತು. ನನ್ನ ಬಫರು, ಅಂದರೆ ಬಂದ ಮೆಸೇಜು ಇಟ್ಟುಕೊಳ್ಳುವ ಮೆಮೊರಿ ಜಾಗ, 256 ಬೈಟಿನದು, ಪ್ರತಿ ಸಲ ಅದನ್ನೇ ಬಳಸುತ್ತಿದ್ದೆ. ಉಳಿದ 160 ಬೈಟು ಹಿಂದಿನ ಮೆಸೇಜಿನ ಬಾಲ. ಅಂದರೆ ಒಬ್ಬರ ಯೂನಿಟ್ಟು ಇನ್ನೊಬ್ಬರ ಲೆಕ್ಕಕ್ಕೆ. ಮೆಮೊರಿ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಅನ್ನುವ ಟೂಲ್ ಹಾಕಿದರೂ ತುಟಿ ಪಿಟಕ್ಕೆನ್ನಲಿಲ್ಲ, ಯಾಕೆಂದರೆ ಓದಿದ್ದೆಲ್ಲ ನನ್ನದೇ ಬಫರಿನ ಒಳಗೆ.

2014ರಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ಅನ್ನುವ ಭದ್ರತಾ ದೋಷ ಕೂಡ ಇದರ ಅಣ್ಣನೇ. ಇಂಟರ್ನೆಟ್ ಮಾತುಕತೆಯನ್ನು ಗುಟ್ಟಾಗಿಡುವ ಓಪನ್‌ಎಸ್‌ಎಸ್‌ಎಲ್ ಸಾಫ್ಟ್‌ವೇರಿನಲ್ಲಿ ಎದುರಿನವರು ಹೇಳಿದ ಉದ್ದವನ್ನು ನಂಬಿದರು, ನಿಜಕ್ಕೂ ಬಂದದ್ದೆಷ್ಟು ಅಂತ ನೋಡಲಿಲ್ಲ. ಒಂದೊಂದು ಸಲಕ್ಕೆ 64 ಕೆಬಿ ತನಕ ಮೆಮೊರಿ ಸೋರಿತು. ಅದನ್ನು ಬರೆದವರು, ನೋಡಿ ಒಪ್ಪಿದವರು ಯಾರೂ ದಡ್ಡರಲ್ಲ. ಜವಾಬ್ದಾರಿ ಇದ್ದರೆ ಸಾಕು ಅನ್ನುವ ವಾದ ನನಗೆ ಹಿಡಿಸದೇ ಇರೋದು ಇಲ್ಲೇ.

ಗೋ ಒಂದು ದಿನ ತಗೊಂಡಿತು, ಬರೆಯೋಕೆ ಹಾಯಾಗಿತ್ತು. ಒಂದು ಬೈಟಿನಲ್ಲಿ 0ಯಿಂದ 255 ತನಕ ಮಾತ್ರ ಹಿಡಿಯೋದು, ಹಾಗಾಗಿ ಉದ್ದ 2 ಬಂದಾಗ ಲೆಕ್ಕ ಸುತ್ತಿ 254 ಆಯಿತು, ಹೆಡರಿನ 4 ಸೇರಿ ಸ್ಲೈಸ್ (ಬಫರಿನ ಒಂದು ತುಂಡು) ಬಫರಿನಾಚೆ ಹೋಯಿತು, ಪ್ಯಾನಿಕ್ ಆಗಿ, ಅಂದರೆ ಪ್ರೋಗ್ರಾಂ ಅಲ್ಲೇ ನಿಂತು, ಸಾಲಿನ ನಂಬರ್ ಸಮೇತ ತೋರಿಸಿತು. ಒಳ್ಳೇದೇ. ಆದರೆ 200ರ ಕೇಸಿನಲ್ಲಿ ನನಗೆ ಶಾಕ್. ಬಂದ 40 ಬೈಟಿಗೆ ಮಾತ್ರ ಸ್ಲೈಸ್ ಮಾಡಿದ್ದೆ, ಆದರೂ ಅದನ್ನೇ ಮತ್ತೆ 200ರ ತನಕ ಸ್ಲೈಸ್ ಮಾಡಿದರೆ ಗೋ ಬಿಟ್ಟುಬಿಡುತ್ತದೆ. ಅದು ನೋಡೋದು ಉದ್ದವನ್ನಲ್ಲ, ಹಿಂದಿರುವ ಬಫರಿನ ಕೆಪ್ಯಾಸಿಟಿಯನ್ನು, ಅಂದರೆ ಒಟ್ಟು ಜಾಗವನ್ನು! ಸಾಲದ್ದಕ್ಕೆ ರೀಡಿಂಗಿನ ಸ್ಲೈಸುಗಳನ್ನು ಲಿಸ್ಟಿನಲ್ಲಿ ಇಟ್ಟುಕೊಂಡಿದ್ದೆ. ಎಲ್ಲವೂ ಅದೇ ಬಫರಿಗೆ ಬೊಟ್ಟು ಮಾಡುತ್ತಿದ್ದವು, ಕೊನೆಗೆ ನೋಡಿದರೆ ಎಲ್ಲ ಮೀಟರಿಗೂ ಒಂದೇ ರೀಡಿಂಗು.

ರಸ್ಟ್ ಮೂರು ದಿನ ತಿಂದಿತು. ಅದರಲ್ಲಿ ಒಂದೂವರೆ ದಿನ ಬಾರೋ ಚೆಕರ್ (ಯಾವ ಮೆಮೊರಿಯನ್ನು ಯಾರು ಬಳಸುತ್ತಿದ್ದಾರೆ ಅಂತ ಮೊದಲೇ ನೋಡುವ ರಸ್ಟ್‌ನ ಕಾವಲುಗಾರ) ಜೊತೆ ಜಗಳ. ಅದೇ ಲಿಸ್ಟು ಮಾಡಹೋದರೆ, ಈ ಬಫರನ್ನು ಇನ್ನೂ ಯಾರೋ ಹಿಡಿದಿದ್ದಾರೆ, ಮೇಲೆ ಬರೆಯೋಕೆ ಬಿಡಲ್ಲ ಅಂತ ಹಟ. ಬೈದುಕೊಂಡೇ ಕಾಪಿ ಮಾಡಿದೆ. ಗೋದಲ್ಲಿ ಮಾಡಿದ್ದೂ ಇದೇ ತಪ್ಪು ಅಂತ ಆಮೇಲೆ ಹೊಳೆಯಿತು. 40 ಬೈಟಿನ ಸ್ಲೈಸಿನಿಂದ 200 ಕೇಳಿದರೆ ಅಲ್ಲೇ ಪ್ಯಾನಿಕ್. ಹಾಗಂತ ಪೂರ್ತಿ ಬಫರನ್ನೇ ಕೊಟ್ಟಿದ್ದರೆ ರಸ್ಟ್ ಕೂಡ ಸುಮ್ನೆ ಹಳೇ ಬೈಟು ಓದುತ್ತಿತ್ತು, ಅದನ್ನೂ ಬೇಕಂತಲೇ ಮಾಡಿ ನೋಡಿದೆ. 2ರಿಂದ 4 ಕಳೆಯೋದನ್ನು ಡೀಬಗ್ ಬಿಲ್ಡ್ (ಪರೀಕ್ಷೆಗೆ ಕಟ್ಟಿದ ಪ್ರೋಗ್ರಾಂ) ತಡೆಯುತ್ತದೆ, ರಿಲೀಸ್ ಬಿಲ್ಡ್ (ನಿಜವಾಗಿ ಓಡಿಸೋಕೆ ಕಟ್ಟಿದ್ದು) ಬೇರೆ ಹೇಳದಿದ್ದರೆ ತಡೆಯಲ್ಲ, 254 ಅಂತಲೇ ಮುಂದೆ ಹೋಗುತ್ತದೆ. ಇನ್ನು ಹತ್ತು ಕಡೆ ಅನ್‌ವ್ರಾಪ್ (ಉತ್ತರ ಇದ್ದರೆ ಕೊಡು, ಇಲ್ಲದಿದ್ದರೆ ಪ್ಯಾನಿಕ್ ಆಗು ಅನ್ನುವ ಮಾತು) ಬರೆದು ನಾನೇ ಹಾಕಿಕೊಂಡ ಬಾಂಬುಗಳ ಕತೆ ಬೇಡ ಬಿಡಿ.

ಈಗ ಮೆಸೇಜು ಓದುವ ಭಾಗ ರಸ್ಟ್‌ನಲ್ಲಿ ಓಡುತ್ತಿದೆ, ಅದರ ಮೇಲಿನ ರಿಪೋರ್ಟುಗಳು ಗೋದಲ್ಲಿ. ಸಿಯಲ್ಲಿದ್ದ ತಪ್ಪನ್ನೂ ತಿದ್ದಿದೆ, ಎರಡೇ ಎರಡು ಇಫ್, ಅಂದರೆ ಉದ್ದ ಸರಿಯಿದೆಯಾ ಅಂತ ನೋಡುವ ಸಾಲು, ಸಾಕಾಯಿತು. ಆ ಎರಡು ಸಾಲು ಎಲ್ಲಿ ಬೇಕು ಅಂತ ತಿಳಿಯೋಕೆ ಮಾತ್ರ ಇನ್ನೆರಡು ಭಾಷೆ ಬೇಕಾಯಿತು.